ವಾರ್ಡಕ್ಕನ ಬೆನ್ನ ಹಿಂದೆ ನಿಂತವನು

ವಾರ್ಡಕ್ಕನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಮ್ಮದು ನಟರಿಗೂ ನಿರ್ದೇಶಕರಿಗೂ ಮೈ ಪಳಗಿಸುವ ಶಾಲೆ. ಹಳೆಯ ಮುದ್ರಣಾಲಯವೊಂದರ ಮಹಡಿಯಲ್ಲಿ ಉದ್ದನೆಯ ಹಾಲ್, ಹಲಗೆಯ ನೆಲ, ಗೋಡೆಗೆ ಒರಗಿಸಿದ ಹದಿನಾಲ್ಕು ಚಾಪೆ, ಒಂದು ಬೆಂಚು. ಇಲ್ಲಿ ಡೈಲಾಗ್ ಹೇಳಿಸುವುದಿಲ್ಲ. ನಡೆಯುವುದು, ಉರುಳುವುದು, ಒಬ್ಬರನ್ನೊಬ್ಬರು ಹೊರುವುದು, ಬೀಳುವುದು, ಹಿಡಿಯುವುದು, ಇಷ್ಟೇ ಪಾಠ. ನಿರ್ದೇಶಕರಾಗಲು ಬಂದವರು ಬಂದ ಕೂಡಲೇ ಕುರ್ಚಿ ಹುಡುಕುತ್ತಾರೆ. ನಮ್ಮ ಮೇಷ್ಟ್ರು ಅವರನ್ನೂ ನೆಲದ ಮೇಲೆ ಉರುಳಿಸುತ್ತಿದ್ದರು. "ಇನ್ನೊಬ್ಬರಿಗೆ ಬೀಳು ಅಂತ ಹೇಳೋಕೆ ಮುಂಚೆ ನೀನೊಂದು ಸಲ ಬಿದ್ದು ನೋಡಪ್ಪ" ಎನ್ನುತ್ತಿದ್ದರು.

ಆ ಮೇಷ್ಟ್ರಿಗೆ ನಾನು ಹತ್ತೊಂಬತ್ತು ವರ್ಷ ಸಹಾಯಕನಾಗಿದ್ದೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದು ನೆಲ ಒರೆಸಿ, ಡೋಲು ಹಿಡಿದು ಎಲ್ಲರ ಹೆಜ್ಜೆಗೆ ತಾಳ ಕೊಡುವವನು ನಾನೇ. ಮೇಷ್ಟ್ರು ಬಾಯಲ್ಲಿ ಹೇಳಿದ್ದನ್ನು ಮೈಯಲ್ಲಿ ಮಾಡಿ ತೋರಿಸುವವನೂ ನಾನೇ. ಬೀಳುವುದರಲ್ಲಂತೂ ನನ್ನದು ಎತ್ತಿದ ಕೈ. ನನ್ನ ಹೆಂಡತಿ ಅದಕ್ಕೂ ನಗುತ್ತಿದ್ದಳು. "ಲೋಕದಲ್ಲಿ ಎಲ್ಲರೂ ಮೇಲೆ ಬರೋದು ಹೇಗೆ ಅಂತ ಕಲೀತಾರೆ, ನಿಮ್ಮದೊಂದು ಬೇರೆ ದಾರಿ" ಎನ್ನುತ್ತಿದ್ದಳು.

ಮೇಷ್ಟ್ರ ಮಂಡಿಗೆ ಶಸ್ತ್ರಚಿಕಿತ್ಸೆ ಆದಾಗ ಹದಿನಾರು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿಯ ಮೂಳೆ ವಾರ್ಡಿನಲ್ಲಿ ನಾನು ಹೇಳಹೊರಟ ಈ ವಾರ್ಡಕ್ಕ ಆಯಾ ಆಗಿದ್ದಳು. ಮೇಷ್ಟ್ರದು ತೊಂಬತ್ತು ಕಿಲೋ ತೂಕ. ಆ ತೂಕವನ್ನು ಅವಳೊಬ್ಬಳೇ ಮಂಚದಿಂದ ಕುರ್ಚಿಗೆ, ಒಂದು ಸಲವೂ ಮುಕ್ಕರಿಸದೆ ಇಳಿಸಿದಳಂತೆ. ಮೇಷ್ಟ್ರಿಗೆ ನೋವು ಮರೆತುಹೋಗಿ, "ಎಲ್ಲಿ ಕಲಿತ್ರಮ್ಮ ಇದನ್ನ?" ಎಂದರಂತೆ. "ಕಲೀದಿದ್ರೆ ನನ್ನ ಸೊಂಟಾನೂ ಇದೇ ವಾರ್ಡಲ್ಲಿ ಮಲಗಿರ್ತಿತ್ತು ಸಾರ್" ಎಂದಳಂತೆ. ಹೀಗೆ ಅವಳು ನಮ್ಮ ಹಾಲ್‌ಗೆ ಬಂದಳು. ಬಂದ ವಾರದಲ್ಲೇ ಹುಡುಗರು ಅವಳಿಗೆ ವಾರ್ಡಕ್ಕ ಎಂದು ಹೆಸರಿಟ್ಟರು.

ಮೊದಲ ಮಂಗಳವಾರ ಅವಳು ಆಸ್ಪತ್ರೆಯ ತಿಳಿನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಳು. ಐವತ್ತು ದಾಟಿದ ಹೆಂಗಸು, ಗಿಡ್ಡ ಆಳು. ನನ್ನನ್ನೇ ಚಾಪೆಯ ಮೇಲೆ ಮಲಗಿಸಿ, "ಅಣ್ಣಾ, ಈಗ ಎತ್ತುತೀನಿ, ಉಸಿರು ತಗೊಳ್ಳಿ" ಎಂದಳು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವಳು, ಕರೆಯುವುದು ಅಣ್ಣಾ ಅಂತ. ನಾನು ಉಸಿರು ಬಿಡುವಾಗ ಅವಳ ಮಂಡಿ ಬಾಗಿತು, ಮುಂಗೈ ನನ್ನ ಬೆನ್ನಿನ ಕೆಳಗೆ ಬಂತು, ಅಷ್ಟರಲ್ಲಿ ನಾನು ಕೂತಿದ್ದೆ. ಹೇಗೆ ಕೂತೆ ಎಂದು ನನಗೇ ತಿಳಿಯಲಿಲ್ಲ. ಮೇಷ್ಟ್ರು ಊರುಗೋಲು ಕುಟ್ಟಿ, "ನೋಡ್ರೋ, ಇದಪ್ಪ ತೂಕ ತಗೊಳ್ಳೋದು ಅಂದ್ರೆ" ಎಂದರು. ಅಲ್ಲಿಯವರೆಗಿನ ಹದಿನೇಳು ವರ್ಷದಲ್ಲಿ ನನಗೆ ಅಂಥ ಒಂದು ಮಾತು ಸಿಕ್ಕಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅವಳ ಪಾಳಿ ಮಧ್ಯಾಹ್ನ ಎರಡಕ್ಕೆ. ಆದ್ದರಿಂದ ಬೆಳಿಗ್ಗೆ ಬರುತ್ತಲೇ ಹೋದಳು, ಮಂಗಳವಾರ ಕಲಿಸಲು, ಉಳಿದ ದಿನ ಕಲಿಯಲು. ಎರಡು ವರ್ಷ ಒಂದು ದಿನ ತಪ್ಪಿಸಲಿಲ್ಲ. ಹೊಲಿಗೆ ಕೆಲಸದ ತಂಗಿಯೊಂದಿಗೆ ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅವಳ ವಾಸ. ತಿನ್ನುವುದನ್ನು ನಿಂತುಕೊಂಡೇ ತಿಂದು ಮುಗಿಸುತ್ತಿದ್ದಳು. ಬೆಂಚಿನ ಮೇಲೆ ಹತ್ತು ನಿಮಿಷ ಸಿಕ್ಕರೆ ಗೊರಕೆ ಹೊಡೆಯುತ್ತಿದ್ದಳು. ತನ್ನ ಜೋಕಿಗೆ ತಾನೇ ಮೊದಲು ನಗುತ್ತಿದ್ದಳು. ಕೆಲಸಕ್ಕೆ ಸೇರಿದ ವರ್ಷ ಸೊಂಟ ಹಿಡಿದುಕೊಂಡಾಗ ಹಳೆಯ ಆಯಾ ಒಬ್ಬಳು, ರೋಗಿಯನ್ನು ಕೇಳದೆ ಮುಟ್ಟಬೇಡ, ಅವನ ಉಸಿರಿಗೆ ಕಾಯಿ, ತೋಳು ಹಿಡಿದು ಎಳೆಯಬೇಡ ಎಂದು ಹೇಳಿಕೊಟ್ಟಿದ್ದಳಂತೆ. ಇಪ್ಪತ್ಮೂರು ವರ್ಷ ಅದನ್ನೇ ಮಾಡಿದ್ದಳು. ನಾನು ನಾಲ್ಕು ಕಾರ್ಯಾಗಾರ ಸುತ್ತಿ, ಬೆವರು ಬಸಿದು ಕಲಿತದ್ದು ಅವಳಿಗೆ ಹೊಟ್ಟೆಪಾಡಿನ ಜೊತೆಗೇ ಬಂದಿತ್ತು. ಇದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

"ಆ ವಾರ್ಡಕ್ಕನ ಮಾತು ಇವತ್ತು ಇದು ಏಳನೇ ಸಲ" ಎಂದಳು ಹೆಂಡತಿ ಒಂದು ದಿನ, ತಟ್ಟೆ ಎತ್ತುತ್ತ.

"ಏನೋ ಹೇಳಬೇಕಾಗಿತ್ತು, ಹೇಳಿದೆ."

"ಹೊಟ್ಟೆಕಿಚ್ಚು ಕಣ್ರೀ ನಿಮಗೆ. ಪಾಪ, ಆಕೆ ನಿಮ್ಮ ತಂಟೆಗೂ ಬಂದಿಲ್ಲ."

ಅದೇ ನನಗೆ ಆಗದಿದ್ದದ್ದು. ತಂಟೆಗೆ ಬಂದಿದ್ದರೆ ಜಗಳವಾಡಬಹುದಿತ್ತು.

ಎರಡನೇ ವರ್ಷ ಮುಗಿಯಲು ಎರಡು ತಿಂಗಳಿರುವಾಗ ಮೇಷ್ಟ್ರು, ಇನ್ನು ಮಂಡಿ ಕೇಳುವುದಿಲ್ಲ, ಕ್ಲಾಸು ಬಿಡುತ್ತೇನೆ ಎಂದರು. ನಮ್ಮ ಶಾಲೆಯಲ್ಲಿ ಕ್ಲಾಸು ಬಿಡುವವರು ಕಾಗದ ಪತ್ರ ಬರೆಯುವುದಿಲ್ಲ. ವರ್ಷದ ಕೊನೆಯ ದಿನ ಎಲ್ಲರೆದುರು ಒಬ್ಬರಿಗೆ ಬೆನ್ನು ಕೊಟ್ಟು ನಿಂತು ಹಿಂದಕ್ಕೆ ಬೀಳುತ್ತಾರೆ. ಯಾರು ಹಿಡಿದರೋ ಕ್ಲಾಸು ಅವರದು. ಮೇಷ್ಟ್ರಿಗೂ ಅವರ ಗುರುಗಳಿಂದ ಹಾಗೆಯೇ ಬಂದಿತ್ತು. ಅದು ನನ್ನದೇ ಎಂದು ಹತ್ತೊಂಬತ್ತು ವರ್ಷ ನಂಬಿದ್ದೆ. ಈಗ ಮೆಟ್ಟಿಲಲ್ಲಿ ಹುಡುಗರು, "ವಾರ್ಡಕ್ಕಂಗೇ ಬಿಡು" ಎಂದು ಪಿಸುಗುಟ್ಟುವುದು ಕಿವಿಗೆ ಬೀಳತೊಡಗಿತು.

ಬೀಳುವ ಪಾಠಕ್ಕೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಹಿಡಿಯುವವರು ಹಿಂದೆ ನಿಲ್ಲಬೇಕು, ಬಾಯಿ ಬಿಡುವಂತಿಲ್ಲ. ಸಿದ್ಧವಾದಾಗ ಕೇಳಿಸುವಂತೆ ಉಸಿರು ಬಿಡಬೇಕು. ಅದನ್ನು ಕೇಳಿ ಬೀಳುವವರು ತಿರುಗಿ ನೋಡದೆ ಬೀಳಬೇಕು. ಉಸಿರು ಬಿಟ್ಟ ಮೇಲೆ ಹಿಡಿಯುವವರ ಕಣ್ಣು ಎದುರಿನವರ ಹೆಡತಲೆಯಿಂದ ಕದಲಬಾರದು.

ಕೊನೆಯ ದಿನಕ್ಕೆ ಐದು ವಾರವಿರುವಾಗ ಬೇರೆ ತಂಡಗಳ ಐದಾರು ನಿರ್ದೇಶಕರು ಪಾಠ ನೋಡಲು ಬಂದಿದ್ದರು. ವಾರ್ಡಕ್ಕ ಮೇಜಿನ ಮೇಲಿನಿಂದ ಬೀಳಬೇಕು, ನಾನು ಹಿಡಿಯಬೇಕು. ಬಂದವರು ಹತ್ತಿರ ನಿಂತು ನೋಡಲೆಂದು ಚಾಪೆಗಳನ್ನು ಬದಿಗೆ ಸರಿಸಿದ್ದೆವು. ಅವಳು ಬೆನ್ನು ಕೊಟ್ಟು ನಿಂತಳು. ನಾನು ಉಸಿರು ಬಿಟ್ಟೆ. ಬಿಟ್ಟ ಕೂಡಲೇ ನನ್ನ ಕಣ್ಣು ಮೇಷ್ಟ್ರ ಕಡೆ ಹೋಯಿತು. ಅವರು ಅವಳನ್ನು ನೋಡುತ್ತಿದ್ದಾರೋ ನನ್ನನ್ನೋ ಎಂದು ತಿಳಿಯಬೇಕಿತ್ತು ನನಗೆ. ಅಷ್ಟರಲ್ಲಿ ಅವಳ ಭುಜ ನನ್ನ ಕೈಗೆ ತಾಗಿ ಜಾರಿತು. ನೆಲಕ್ಕೆ ಕೈಯೂರಿದಳು, ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು.

ಎಲ್ಲರೂ ಓಡಿ ಬಂದರು. ಬಲಗೈ ಮಣಿಕಟ್ಟು ಹಿಡಿದುಕೊಂಡು ಕೂತಿದ್ದ ಅವಳೇ ಮೊದಲು ಮಾತಾಡಿದ್ದು. "ನಾನೇ ಅವಸರಪಟ್ಟೆ ಸಾರ್. ಅಣ್ಣ ಇನ್ನೂ ಉಸಿರು ಬಿಟ್ಟಿರಲಿಲ್ಲ."

ನಾನು ಬಿಟ್ಟಿದ್ದೆ. ಅದನ್ನು ಹೇಳಲಿಲ್ಲ. ಒಂದು ಗಳಿಗೆ ಕಳೆಯಿತು, ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಆರು ವಾರ ಪ್ಲಾಸ್ಟರು. ಆಸ್ಪತ್ರೆಯವರು ಅವಳನ್ನು ವಾರ್ಡಿನಿಂದ ತೆಗೆದು ಚೀಟಿ ಕೊಡುವ ಕಿಟಕಿಗೆ ಹಾಕಿದರು. ನಾನು ನೋಡಲು ಹೋದೆ, ತಪ್ಪಾಯಿತು ಎನ್ನಲೆಂದೇ ಹೋದೆ. ಕಿಟಕಿಯೊಳಗಿನಿಂದ ಎಡಗೈಯಲ್ಲಿ ಚೀಟಿ ಚಾಚುತ್ತ, "ಯಾವ ಡಾಕ್ಟ್ರಿಗೆ ಅಣ್ಣಾ? ಹೊಟ್ಟೆದಾ, ಹೃದಯದ್ದಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಬೇಜಾರು ಕಣಣ್ಣಾ. ಇಡೀ ದಿನ ಜನ ಬರ್ತಾರೆ, ಒಬ್ಬರನ್ನೂ ಮುಟ್ಟೋ ಹಾಗಿಲ್ಲ" ಎಂದಳು.

"ಅವತ್ತು ಯಾಕೆ ಹಾಗಂದ್ರಿ?" ಎಂದು ಹೇಗೋ ಕೇಳಿದೆ.

"ನಿಮ್ಮ ಮುಖ ನೋಡಿದೆ. ನನಗಿಂತ ನಿಮಗೇ ಜಾಸ್ತಿ ಪೆಟ್ಟಾಗಿತ್ತು." ಹಿಂದೆ ನಿಂತವರು ತಳ್ಳಿದರು. ಅವಳು ಮುಂದಿನವರಿಗೆ ಚೀಟಿ ಕೊಟ್ಟಳು. ನಾನು ತಪ್ಪಾಯಿತು ಎನ್ನದೆ ಮನೆಗೆ ಬಂದೆ. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಬೇಕಾಗಿತ್ತೆ?

ಕೊನೆಯ ದಿನ ಬಂತು. ಪ್ಲಾಸ್ಟರು ತೆಗೆಯಲು ಇನ್ನೂ ಎಂಟು ದಿನವಿತ್ತು. ವಾರ್ಡಕ್ಕ ಬೆಂಚಿನ ಮೇಲೆ ಕೂತಿದ್ದಳು. ಮೇಷ್ಟ್ರು ಊರುಗೋಲನ್ನು ಗೋಡೆಗೆ ಒರಗಿಸಿ, ಹಾಲ್‌ನ ಮಧ್ಯಕ್ಕೆ ಕುಂಟುತ್ತ ಬಂದು, ನನ್ನ ಕಡೆ ಬೆನ್ನು ಮಾಡಿ ನಿಂತರು. ಇಪ್ಪತ್ತೆಂಟು ಜನ ಸುತ್ತ ನಿಂತು ನೋಡುತ್ತಿದ್ದರು. ನಾನು ಕಾಲು ಅಗಲಿಸಿ, ಕೈ ಚಾಚಿ ನಿಂತೆ. ಒಂದು ಉಸಿರು ಬಿಟ್ಟರೆ ಕ್ಲಾಸು ನನ್ನದು.

ಆಗಲೂ ನನ್ನ ಹಾಳು ಕಣ್ಣು ಬೆಂಚಿನ ಕಡೆ ಹೋಯಿತು. ಅವಳ ಹೊಟ್ಟೆಯೂ ಒಂದಿಷ್ಟು ಉರಿಯಲಿ, ಅದನ್ನು ನಾನು ಕಾಣಬೇಕು ಎನ್ನುವ ಆಸೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಅರ್ಧ ಎದ್ದು ನಿಂತಿದ್ದಳು. ಕಣ್ಣು ಮೇಷ್ಟ್ರ ಹೆಡತಲೆಯ ಮೇಲಿತ್ತು. ಪ್ಲಾಸ್ಟರಿನ ಕೈ, ಬರಿಗೈ, ಎರಡೂ ಮುಂದಕ್ಕೆ ಚಾಚಿದ್ದವು. ಹತ್ತಡಿ ದೂರದಿಂದ ಅವಳು ಹಿಡಿಯಲು ನಿಂತಿದ್ದಳು.

"ಬೀಳಬೇಡಿ ಮೇಷ್ಟ್ರೇ" ಎಂದೆ. "ಅವತ್ತು ನಾನು ಉಸಿರು ಬಿಟ್ಟಿದ್ದೆ. ಬಿಟ್ಟು ನಿಮ್ಮನ್ನ ನೋಡ್ತಿದ್ದೆ. ವಾರ್ಡಕ್ಕನದು ತಪ್ಪಿಲ್ಲ."

ಮೇಷ್ಟ್ರು ತಿರುಗಲಿಲ್ಲ. "ಗೊತ್ತು" ಎಂದರು.

"ಯಾರು ಹೇಳಿದ್ರು?"

"ನೀನು ನನ್ನ ನೋಡಿದಾಗ ನಾನು ಎಲ್ಲಿ ನೋಡ್ತಿದ್ದೆ ಅಂದ್ಕೊಂಡೆ? ನಿನ್ನನ್ನೇ. ಅವತ್ತು ನಿನಗೇ ಕೊಡೋದು ಅಂತ ಮನಸ್ಸು ಮಾಡ್ಕೊಂಡು ಬಂದಿದ್ದೆ ಕಣಯ್ಯ."

ನಾನು ಅಲ್ಲೇ ನೆಲದ ಮೇಲೆ ಕೂತೆ.

"ಗೊತ್ತಿದ್ದೂ ಇವತ್ತು ಬೆನ್ನು ಕೊಟ್ರಲ್ಲ."

"ಹತ್ತೊಂಬತ್ತು ವರ್ಷ ಕಣೋ. ಇನ್ನೊಂದು ಸಲ ನೋಡೋಣ ಅನ್ನಿಸ್ತು." ಊರುಗೋಲು ತಂದುಕೊಡು ಎನ್ನುವಂತೆ ಅವರು ಕೈ ಚಾಚಿದರು. "ಇವತ್ತು ಉಸಿರು ಬಿಡಲಿಲ್ಲ ನೀನು. ಬಿಟ್ಟಿದ್ರೆ ನನ್ನ ಇನ್ನೊಂದು ಮಂಡೀನೂ ಹೋಗ್ತಿತ್ತು."

ಯಾರೋ ನಕ್ಕರು, ಬಹುಶಃ ವಾರ್ಡಕ್ಕನೇ.

ಪ್ಲಾಸ್ಟರು ಬಿಚ್ಚಿ, ಕೈಗೆ ಬಲ ಬರಲು ಎರಡು ತಿಂಗಳಾಯಿತು. ಒಂದು ಮಂಗಳವಾರ ಮೇಷ್ಟ್ರು ಅವಳಿಗೆ ಬೆನ್ನು ಕೊಟ್ಟು ಬಿದ್ದರು. ಅವಳು ರೋಗಿಯನ್ನು ಇಳಿಸುವ ಹಾಗೆ ಅವರನ್ನು ನೆಲಕ್ಕೆ ಇಳಿಸಿದಳು. ನಾನು ಡೋಲು ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದೆ. ಅಂಗೈ ಉರಿಯುವಷ್ಟು ತಟ್ಟಿದೆ, ಒಳಗಿನ ಉರಿ ಅದಕ್ಕಿಂತ ಜಾಸ್ತಿ ಇತ್ತು.

ಈಗ ನಾನು ಅವಳ ಸಹಾಯಕ. ಹೊಸಬರು ಬಂದ ಮೊದಲ ವಾರ, ಮೇಜು ಹತ್ತಿ ಬಿದ್ದು ತೋರಿಸಿ ಎನ್ನುತ್ತಾಳೆ. ಹತ್ತುತ್ತೇನೆ. ಹಿಂದೆ ಅವಳ ಉಸಿರು ಕೇಳಿಸುತ್ತದೆ. ಅವಳ ಕಣ್ಣು ಎಲ್ಲಿದೆ ಎಂದು ನನಗೆ ಒಂದು ಸಲವೂ ಅನುಮಾನ ಬಂದಿಲ್ಲ. ನನ್ನನ್ನು ನಂಬಿ ಹಾಗೆ ಬೆನ್ನು ಕೊಟ್ಟು ಬೀಳುವವರು ಇನ್ನು ಯಾರೂ ಇಲ್ಲವಲ್ಲ ಎಂದು ಆ ಗಳಿಗೆಯಲ್ಲೇ ಹೊಟ್ಟೆ ಉರಿಯುತ್ತದೆ, ಉರಿಯುತ್ತಲೇ ಬೀಳುತ್ತೇನೆ.