ನಂಬರಿಲ್ಲದ ಸವಾರ

ಮೊನ್ನೆ ಬೆಳಿಗ್ಗೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಬಡ ಮಕ್ಕಳ ಚಿಕಿತ್ಸೆಗಾಗಿ ಸೈಕಲ್ ಸವಾರಿ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಹಾದು ರಾಮನಾಥಪುರದವರೆಗೆ. ಪ್ರವೇಶ ಶುಲ್ಕ ಸಾವಿರದ ಐನೂರು. ಹೌದು, ತುಳಿಯುವವರೂ ನಾವೇ, ದುಡ್ಡು ಕೊಡುವವರೂ ನಾವೇ. ನಗಬೇಡಿ. ಆ ದುಡ್ಡಿಗೆ ಒಂದು ಟೀ ಶರ್ಟು, ಎರಡು ಬಾಳೆಹಣ್ಣು, ತಗಡಿನ ಪದಕ ಸಿಗುತ್ತದೆ. ನನ್ನ ಹೊಟ್ಟೆ ಹಿಡಿಸುವ ಶರ್ಟು ಮಾತ್ರ ಇನ್ನೂ ಸಿಕ್ಕಿಲ್ಲ.

ಮೂರು ವರ್ಷದ ಹಿಂದೆ ಇದೇ ಸವಾರಿಯ ವಿಷಯ ದುದ್ದದ ಪುಟ್ಟಸ್ವಾಮಿಗೆ ಹೇಳಿದ್ದೆ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು. ದಿನಾ ಸೈಕಲ್ಲಿನಲ್ಲೇ ಡೈರಿಗೆ ಹಾಲು ಒಯ್ಯುತ್ತಿದ್ದ. ಬರಬೇಕೆಂಬ ಆಸೆ ಅವನಿಗೆ. ಶುಲ್ಕ ಕೇಳಿ ಬಾಯಿ ಬಿಟ್ಟ.

“ಅಷ್ಟ್ ದುಡ್ಗೆ ಒಂದ್ ಮೂಟೆ ಬೂಸ ಬತ್ತದೆ ಕಣ್ಲಾ. ಧರ್ಮದ್ ಕೆಲ್ಸಕ್ಕೆ ಬರೋರ್ತಾವ ಟಿಕೀಟ್ ಕೇಳ್ತಾರಾ?”

ನಮ್ಮ ಕಡೆ ಅನ್ನದಾನವೆಂದರೆ ಕರೆಯದವನೂ ಪಂಕ್ತಿಯಲ್ಲಿ ಕೂರುತ್ತಾನೆ. ಯಾರೂ ಹೆಸರು ಕೇಳುವುದಿಲ್ಲ. ಇದೂ ಹಾಗೇ ಅಂದುಕೊಂಡೆ. “ದುಡ್ಯಾಕ್ ಕೊಟ್ಟೀಯ? ಸುಮ್ನೆ ನನ್ನಿಂದೆ ಬಾರ್ಲಾ” ಅಂದೆ.

ಬಂದ. ಮಡ್‌ಗಾರ್ಡ್ ಸಡಿಲವಾದ ಸೈಕಲ್ಲು, ಕಟಕಟ ಸದ್ದು. ಹೊಳೆನರಸೀಪುರ ದಾಟಿದ ಮೇಲೆ ಆ ಸದ್ದು ನಿಂತಿತು. ನಿಧಾನವಾಗಿ ಬರುತ್ತಾನೆ ಬಿಡು ಎಂದು ನಾನು ತಿರುಗಿಯೂ ನೋಡಲಿಲ್ಲ. ರಾಮನಾಥಪುರದಲ್ಲಿ ಪದಕ ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಅಷ್ಟರಲ್ಲಿ ಅವನು ಎದೆನೋವಿನಿಂದ ರಸ್ತೆ ಬದಿ ಬಿದ್ದಿದ್ದ, ದಾರಿಹೋಕರು ಅವನನ್ನು ಆಸ್ಪತ್ರೆಗೆ ಸೇರಿಸಿದ್ದರು.

ಶುಲ್ಕ ಕಟ್ಟಿದ ನಮ್ಮ ಎದೆಯ ಮೇಲೆಲ್ಲ ನಂಬರಿನ ಚೀಟಿ, ಅದರ ಹಿಂಬದಿಗೆ ಮನೆಯವರ ಫೋನ್ ನಂಬರು. ಅವನ ಎದೆಯ ಮೇಲೆ ಏನೂ ಇರಲಿಲ್ಲ. ಫೋನನ್ನೂ ಹೆಂಡತಿಯ ಹತ್ತಿರ ಬಿಟ್ಟು ಬಂದಿದ್ದ. ಸಂಜೆ ನಾನು ಹುಡುಕಿಕೊಂಡು ಹೋದಾಗ ಗುರುತಿಲ್ಲದ ಹೆಣವಾಗಿ ಮಲಗಿದ್ದ.

“ಮಾತು ನಿಂತೋಗಿತ್ತು ಸಾ. ಮಧ್ಯಾನದ್ ಗಂಟ ಉಸ್ರಿತ್ತು. ಯಾರಾರ ಬತ್ತಾರಾ ಅಂತ ಬಾಗ್ಲನ್ನೇ ನೋಡ್ತಿದ್ರು,” ಎಂದಳು ಆಯಾ.

ಮರುವರ್ಷ ಸವಾರಿಗೆ ಹೋಗಲಿಲ್ಲ. ಹೋದ ವರ್ಷ ಹೋದೆ. ಹೊಳೆನರಸೀಪುರ ದಾಟುತ್ತಲೇ ಹಿಂದೆ ಕಟಕಟ. ಈ ಸಲ ತಿರುಗಿ ನೋಡಿದೆ: ಖಾಲಿ ರಸ್ತೆ, ಬಿಸಿಲು, ಎರಡೂ ಕಡೆ ಹೊಗೆಸೊಪ್ಪಿನ ಹೊಲ. ಅರಕಲಗೂಡಿನ ಹತ್ತಿರ ಸವಾರರಿಗೆ ನೀರು ಕೊಡುತ್ತಿದ್ದ ಹೆಂಗಸು ಎರಡು ಲೋಟ ಹಿಡಿದು ನಿಂತಿದ್ದಳು.

“ನಿಮ್ಮಿಂದೆ ಬತ್ತಿದ್ರಲ್ಲ, ಅವ್ರೆಲ್ಲಿ ಸಾ? ನಂಬ್ರೇ ಆಕ್ಕಂಡಿರ್ಲಿಲ್ಲ.”

ಒಂದು ಲೋಟ ಕುಡಿದೆ. ಇನ್ನೊಂದನ್ನು ಮೈಲಿಗಲ್ಲಿನ ಪಕ್ಕ ಇಟ್ಟು ಹೊರಟೆ.

ಹಾಗಾಗಿ ಮೊನ್ನೆ ಎರಡು ಶುಲ್ಕ ಕಟ್ಟಿದೆ. ಹುಚ್ಚು ಅನ್ನಿ, ಬೇಜಾರಿಲ್ಲ. ಒಂದು ಮೂಟೆ ಬೂಸದ ದುಡ್ಡು ಉಳಿಸಲು ಹೇಳಿಕೊಟ್ಟು ಸ್ನೇಹಿತನನ್ನು ಒಂಟಿಯಾಗಿ ಸಾಯಲು ಬಿಟ್ಟವನು ನಾನು. ಎರಡನೆಯ ಅರ್ಜಿಯಲ್ಲಿ ಅವನ ಹೆಸರು ತುಂಬಿದೆ. ವಯಸ್ಸಿನ ಜಾಗದಲ್ಲಿ ಕೊಂಚ ತಡವಾಯಿತು. ನನಗೆ ಮೂರು ವರ್ಷ ಸೇರಿದೆ, ಅವನಿಗೆ ಸೇರಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ: ಅಪಾಯವಾದರೆ ಯಾರಿಗೆ ತಿಳಿಸಬೇಕು?

ನನ್ನ ನಂಬರು ಬರೆದೆ.