ತಾನಾಗಿ ತಿರುಗುವ ಪಂಖ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಜರಡಿಗೂ ಸೌಟಿಗೂ ನಡುವೆ, ಸಕ್ಕರೆ ಪಾಕದ ಕಾವು ನೋಡುವ ಉಕ್ಕಿನ ಥರ್ಮಾಮೀಟರೊಂದು ತೂಗುತ್ತಿರುತ್ತದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಎಲ್ಲವನ್ನೂ ಅಳೆದು ನೋಡುವ ಚಟ ಎಂಬುದು ಅತ್ತೆಯವರ ತೀರ್ಮಾನ. ಅವರಾದರೋ ಪಾಕದ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಮೆಲ್ಲಗೆ ಎಳೆದು, ಅದು ಒಂದೆಳೆಯೋ ಎರಡೆಳೆಯೋ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವರು. "ನೀ ಆ ಕಡ್ಡಿ ಓದಿ ಮುಗಸೂದ್ರಾಗ ನನ್ನ ಉಂಡಿ ಕಟ್ಟಿ ಡಬ್ಬಿ ಮುಚ್ಚಿರತೈತಿ" ಎಂದು ನಗುತ್ತಾರೆ. ಆ ಕಡ್ಡಿ ಒಂದು ದಿನ ಪಾಕವನ್ನು ಬಿಟ್ಟು ಕಾರಿನ ಸೇವೆಗೆ ನಿಂತೀತೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ನಮ್ಮ ಕಾರು ತೀರಿಹೋದ ಮಾವನವರು ಹರೆಯದಲ್ಲಿ ಕೊಂಡದ್ದು. ಕೆನೆಬಣ್ಣ, ದುಂಡು ದೀಪಗಳು, ಸೋಫಾದಂತಹ ಸೀಟು. ಗದಗಿನ ಯಾವ ಓಣಿಯಲ್ಲಿ ನಿಲ್ಲಿಸಿದರೂ ಯಾರಾದರೊಬ್ಬರು ಬಂದು ಅದರ ಬೆನ್ನು ತಟ್ಟಿ ಮಾತನಾಡಿಸಿ ಹೋಗುತ್ತಾರೆ. ಅದಕ್ಕಿದ್ದ ದೋಷವೆಂದರೆ ಬೇಗ ಕಾಯುವುದು. ಮುಂಡರಗಿಯ ದಾರಿಯಲ್ಲಿ ಒಂದು ಬೇಸಿಗೆ ಅದು ಹಬೆಯುಗುಳಿ ನಿಂತಾಗ, ಎಂಜಿನ್ನಿನ ಬೆಲ್ಟಿಗೆ ಕಟ್ಟಿಕೊಂಡು ತಿರುಗುತ್ತಿದ್ದ ಹಳೆಯ ಪಂಖವನ್ನು ಮಾವನವರು ಕಿತ್ತುಹಾಕಿಸಿ, ಕರೆಂಟಿನ ಪಂಖವೊಂದನ್ನು ರೇಡಿಯೇಟರಿನ ಮುಂದೆ ಕೂರಿಸಿದರು. ಅದನ್ನು ಹಚ್ಚಿ ಆರಿಸಲು, ನಂಬಿ, ಮನೆಯ ಗೋಡೆಗೆ ಹಾಕುವಂಥದೇ ಒಂದು ಕರಿಯ ಬಟನ್ನು! ಅದೂ, ನೀರಿನ ಕಾವು ತೋರುವ ಪುಟ್ಟ ಗಡಿಯಾರದಂತಹ ಮುಳ್ಳೂ, ಜಾಗ ಸಿಕ್ಕಲ್ಲಿ ಎಂದು, ಡ್ರೈವರನ ಎದುರಿಗಲ್ಲ, ಎಡಗಡೆ ಕೂರುವವರ ಮೊಣಕಾಲಿನ ಮೇಲೆ ಬಂದು ಕೂತವು. ಮದುವೆಯಾಗಿ ಬಂದ ಮೇಲೆ ಆ ಎಡಗಡೆಯ ಸೀಟು ನನ್ನದಾಯಿತು. ಸೀಟಿನ ಜೊತೆಗೆ ಉದ್ಯೋಗವೂ.

ಹದಿನಾಲ್ಕು ವರ್ಷ ನಾನು ಆ ಮುಳ್ಳನ್ನು ಕಾದಿದ್ದೇನೆ. ಎಲ್ಲಿ ಅಪಾಯವೋ ಅಲ್ಲಿ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದೆ. ಗೆರೆಯ ಹತ್ತಿರ ಬಂತೆಂದರೆ ಟಕ್, ಪಂಖ ಹಚ್ಚಬೇಕು. ಇಳಿದರೆ ಟಕ್, ಆರಿಸಬೇಕು. ಆರಿಸಲು ಮರೆತರೆ ಬ್ಯಾಟರಿ ಸೊರಗುತ್ತದೆ, ಹಚ್ಚಲು ಮರೆತರೆ ಎಂಜಿನ್ನು ಸಿಡುಕುತ್ತದೆ. ಕ್ರಮೇಣ ನನಗೆ ಮುಳ್ಳೇ ಬೇಡವಾಯಿತು. ಬಾನೆಟ್ಟಿನಿಂದ ಬರುವ ಬಿಸಿ ರಬ್ಬರಿನ ನವಿರು ವಾಸನೆಯಿಂದಲೇ ತಿಳಿಯುತ್ತಿತ್ತು. ಇದರಲ್ಲಿ ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಇಷ್ಟು ವರ್ಷ ಓಡಾಡಿದ ದಾರಿಗಳಲ್ಲಿ ಕಿಟಕಿಯಾಚೆ ಏನಿತ್ತೆಂದು ಕೇಳಿದರೆ, ಸ್ನೇಹಿತರೇ, ನನಗೆ ಹೇಳಲು ಬರುತ್ತಿರಲಿಲ್ಲ.

ಇನ್ನೊಂದು ಮಾತು. ನನ್ನ ತಂಗಿ ಗಿರಿಜಾಳನ್ನು ಶಿರಹಟ್ಟಿಯಾಚೆಯ ಬೆಳ್ಳಟ್ಟಿಗೆ ಕೊಟ್ಟಿದೆ. ನನಗೆ ಕಾರು ನಡೆಸಲು ಬರುತ್ತದೆ, ಲೈಸೆನ್ಸೂ ಇದೆ. ಆದರೂ ತಂಗಿಯ ಮನೆಗೆ ಹೋಗಬೇಕೆಂದರೆ ಯಜಮಾನರಿಗೆ ಕಾಳಿನ ಅಂಗಡಿಯಿಂದ ಬಿಡುವಾಗಬೇಕು. ಒಬ್ಬಳೇ ಹೋಗಿಬರುತ್ತೇನೆಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಹೋಗಬ್ಯಾಡ ಅನ್ನಂಗಿಲ್ಲ ನಾ. ಆದ್ರ ರಸ್ತಾ ನೋಡ್ತೀಯೋ, ಮುಳ್ಳ ನೋಡ್ತೀಯೋ? ಈ ಗಾಡಿಗೆ ಇಬ್ಬರು ಬೇಕು." ಮಾತು ನಿಜವೇ ಆಗಿತ್ತು. ನಿಜವಾದದ್ದರ ಜೊತೆ ಜಗಳವಾಡುವುದು ಬಲು ಕಷ್ಟ.

ಉಪಾಯ ಹೇಳಿದವರು ಬೆಟಗೇರಿಯ ಮೆಕ್ಯಾನಿಕ್ ದಾವಲಸಾಬರು. ಮಗ್ಗಗಳ ಸದ್ದಿನ ನಡುವೆ ಕೆಲಸ ಮಾಡಿ ಮಾಡಿ ಅವರಿಗೆ ಎಲ್ಲವನ್ನೂ ಕೂಗಿ ಹೇಳುವ ರೂಢಿ. "ಅಕ್ಕಾರ, ಒಂದು ಸ್ವಿಚ್ ಬರತೈತ್ರಿ. ರೇಡಿಯೇಟರಿಗೆ ಕುಂಡ್ರಸಿದ್ರ ನೀರು ಕಾದಾಗ ತಾನ ಪಂಖಾ ಹಚ್ಚತೈತಿ, ಆರಿದಾಗ ತಾನ ಬಂದ್ ಮಾಡತೈತಿ!" ಆದರೆ ಅದಕ್ಕೆ ರೇಡಿಯೇಟರಿನ ಹಿತ್ತಾಳೆ ತೊಟ್ಟಿಯಲ್ಲಿ ತೂತು ಕೊರೆಯಬೇಕು. ಅಪ್ಪನ ಗಾಡಿಗೆ ತೂತೇ ಎಂದು ಯಜಮಾನರ ಮುಖ ಸಣ್ಣದಾಯಿತು. ತೀರ್ಪು ಕೊಟ್ಟವರು ಅತ್ತೆ: "ಕಿವಿ ಚುಚ್ಚಿದ್ರ ಕೂಸು ಎರಡು ಗಳಿಗಿ ಅತ್ತು ಸುಮ್ಮನಾಗತೈತೋ ಯಪ್ಪಾ. ಆಮ್ಯಾಲ ಬೆಂಡ್ವಾಲಿ ಹಾಕಿದ್ರ ಎಷ್ಟು ಚಂದ ಕಾಣತೈತಿ! ಚುಚ್ಚಸು."

ಸ್ವಿಚ್ಚು ಬಂತು. ಹೆಬ್ಬೆರಳಿನಷ್ಟು ಹಿತ್ತಾಳೆಯ ತುಂಡು, ತಲೆಯ ಮೇಲೆ ವಾಯರ್ ಸಿಕ್ಕಿಸುವ ಎರಡು ಕಡ್ಡಿ. ಬೇರೆ ಯಾವುದೋ ಗಾಡಿಯಿಂದ ಬಿಚ್ಚಿದ ಮಾಲು; ಎಷ್ಟು ಕಾವಿಗೆ ಎಚ್ಚರಾಗುತ್ತದೆಂಬ ಅಂಕಿ ಸವೆದುಹೋಗಿತ್ತು. "ನೀರಾಗ ಕಾಸಿ ನೋಡಬೇಕ್ರಿ, ಆದ್ರ ನನ್ನ ಕಡೆ ಡಿಗ್ರಿ ನೋಡೂದು ಇಲ್ಲ" ಎಂದು ದಾವಲಸಾಬರು ಕೈಚೆಲ್ಲಿದಾಗ ನನ್ನ ಕಣ್ಣು ಎಲ್ಲಿಗೆ ಹೋಗಿರಬೇಕೆಂದು ನೀವೇ ಊಹಿಸಿ. ಅತ್ತೆ ಹಾಲಿನ ಬೋಗಾಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸ್ನಾನದ ಮನೆಯ ಹಳೆಯ ಪಾತ್ರೆಯೊಂದನ್ನು ದಯಪಾಲಿಸಿದರು. ಅದರಲ್ಲಿ ನೀರಿಟ್ಟು, ಸ್ವಿಚ್ಚಿನ ಮೂತಿಯಷ್ಟನ್ನೇ ಮುಳುಗಿಸಿ, ಅದರ ಎರಡು ಕಡ್ಡಿಗಳನ್ನು ಒಂದು ಬ್ಯಾಟರಿಗೂ ಪುಟ್ಟ ಬಲ್ಬಿಗೂ ಜೋಡಿಸಿ, ನಾವು ನಾಲ್ವರೂ ಒಲೆಯ ಸುತ್ತ ಹಾಲುಕ್ಕುವುದನ್ನು ಕಾಯುವವರಂತೆ ನಿಂತೆವು.

"ಈಗ ಎಷ್ಟು?" ಎಂದರು ಯಜಮಾನರು.

"ಎಂಬತ್ತನಾಕು."

"ತಳದಾಗ ಮುತ್ತು ಎದ್ದಾವು, ಇನ್ನ ಕುದಿ ಬಂದಿಲ್ಲ" ಎಂದು ಅತ್ತೆ ಥರ್ಮಾಮೀಟರ್ ನೋಡದೆಯೇ ವರದಿ ಒಪ್ಪಿಸಿದರು.

ಎಂಬತ್ತೆಂಟಕ್ಕೆ ಬಲ್ಬು ಹೊತ್ತಿತು. ಒಲೆ ಆರಿಸಿದೆ. ಎಂಬತ್ತೆಂಟರಿಂದ ಕೆಳಗಿಳಿದ ಕೂಡಲೇ ಬಲ್ಬು ಆರೀತೆಂದು ಕಾದರೆ, ಇಲ್ಲ. ಎಂಬತ್ತೈದು, ಎಂಬತ್ತೆರಡು, ಇನ್ನೂ ಉರಿಯುತ್ತಲೇ ಇದೆ. ಕೊನೆಗೆ ಎಪ್ಪತ್ತೊಂಬತ್ತಕ್ಕೆ ಕಣ್ಣು ಮುಚ್ಚಿತು. ಕೆಟ್ಟಿದೆಯೇ ಎಂದು ನಾನು ಕೇಳಿದ್ದಕ್ಕೆ ದಾವಲಸಾಬರು ನಕ್ಕರು. "ಹಂಗ ಇರಬೇಕ್ರಿ ಅಕ್ಕಾರ. ಹತ್ತೂದು, ಆರೂದು ಒಂದ ಡಿಗ್ರಿಗೆ ಇಟ್ರ ಪಂಖಾ ಗಳಿಗಿಗೊಮ್ಮೆ ಹತ್ತಿ ಬಂದ್ ಆಗಿ ಹುಚ್ಚ ಹಿಡದಂಗ ಆಡತೈತಿ."

ಆ ಒಂಬತ್ತು ಡಿಗ್ರಿ ಬಹಳ ದಿನ ನನ್ನ ತಲೆಯಲ್ಲಿ ಉಳಿಯಿತು. ಮನುಷ್ಯರ ಸಿಟ್ಟೂ ಹೀಗೆಯೇ ಅಲ್ಲವೇ? ಏರಿದ ಮೆಟ್ಟಿಲಿನಲ್ಲೇ ಅದು ಇಳಿಯುವುದಿಲ್ಲ. ಕಾರಣ ಮುಗಿದ ಮೇಲೂ ಒಂದಿಷ್ಟು ದೂರ ತಿರುಗುತ್ತಲೇ ಇರುತ್ತದೆ. "ನಾನು ತಪ್ಪೊಪ್ಪಿಕೊಂಡರೂ ಇವರೇಕೆ ಇನ್ನೂ ಬಿಗುವಾಗಿದ್ದಾರೆ" ಎಂದು ಎಷ್ಟೋ ಸಲ ನೊಂದಿದ್ದೇನೆ. ಈಗ ಅನ್ನಿಸುತ್ತದೆ: ಅವರು ಎಂಬತ್ತೆರಡರಲ್ಲಿದ್ದರು, ಅಷ್ಟೇ. ಇನ್ನು ಮೂರು ಡಿಗ್ರಿ ಕಾಯಬೇಕಿತ್ತು.

ಕಿವಿ ಚುಚ್ಚಿಯಾಯಿತು, ಸ್ವಿಚ್ಚು ಕೂತಿತು. ಇರಲಿ ಎಂದು ಕರಿಯ ಬಟನ್ನನ್ನೂ ಕೀಳದೆ ಉಳಿಸಿದರು. ಆಗ ಬಂತು ನೋಡಿ ನಿಜವಾದ ತೊಡಕು. ಪರೀಕ್ಷೆಗೆಂದು ಯಜಮಾನರು ನಡೆಸಿದರು, ನಾನು ಎಡಕ್ಕೆ, ದಾವಲಸಾಬರು ಹಿಂದೆ. ಮುಳಗುಂದ ನಾಕಾದ ಗದ್ದಲದಲ್ಲಿ ಗಾಡಿ ನಿಂತು ಮುಳ್ಳು ಏರಿತು; ಪಂಖ ಗುಂಯ್ ಎಂದಿತು. "ಶಭಾಸ್!" ಎಂದು ದಾವಲಸಾಬರು ಕೂಗಿ, ಮುಂದೆ ಬಗ್ಗಿ ನೋಡಿದರೆ, ನನ್ನ ಬೆರಳು ಬಟನ್ನಿನ ಮೇಲಿತ್ತು. ನನಗೇ ಗೊತ್ತಿಲ್ಲದೆ ಹಚ್ಚಿದ್ದೆ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಯಜಮಾನರು, "ಸ್ವಿಚ್ ಪಾಸೋ ನಪಾಸೋ ಗೊತ್ತಾಗವಲ್ದು, ಪ್ರತಿ ಸಲ ಇಕಿನ ಪೇಪರ್ ಬರದು ಕೊಡ್ತಾಳ" ಎಂದರು.

"ಅಕ್ಕಾರ, ಸಿಟ್ಟ ಮಾಡಬ್ಯಾಡ್ರಿ. ಕೈ ಮ್ಯಾಲ ಕುಂಡ್ರಿ" ಎಂದರು ಹಿಂದಿನ ಸೀಟಿನಿಂದ ದಾವಲಸಾಬರು.

ಕೂತೆ. ಗಲಾಟೆ ಮಾಡಿದ ಮಕ್ಕಳನ್ನು ನಮ್ಮ ಕಾನ್ವೆಂಟಿನ ಸಿಸ್ಟರ್ ಹೀಗೆಯೇ ಕೂರಿಸುತ್ತಿದ್ದರು. ಮುಳ್ಳು ಕೆಂಪು ಗೆರೆಗೆ ಬಂತು. ಬಿಸಿ ರಬ್ಬರಿನ ವಾಸನೆ. ನಾನಿಲ್ಲದೆ ಇದು ಉರಿದುಹೋಗುತ್ತದೆ ಎಂದು ಎದೆಯೊಳಗೊಂದು ದನಿ. ಉರಿದುಹೋಗಲಿ, ನನ್ನ ಬೆಲೆ ತಿಳಿಯಲಿ ಎಂದು, ನಾಚಿಕೆಯಿಂದ ಹೇಳುತ್ತೇನೆ, ಅದರ ಹಿಂದೆ ಇನ್ನೊಂದು ದನಿ. ಅಷ್ಟರಲ್ಲಿ ಬಾನೆಟ್ಟಿನೊಳಗೆ ಟಿಕ್ ಎಂದಿತು, ಪಂಖ ತಾನಾಗಿ ತಿರುಗಿತು. ಮುಳ್ಳು ಇಳಿಯಿತು. ಯಜಮಾನರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಕೆಳಗಿಳಿದು, ಬೀಗದ ಕೈ ನನ್ನ ಮಡಿಲಿಗೆ ಹಾಕಿದರು. "ಗಿರಿಜಾಗ ಫೋನ್ ಮಾಡು. ನಾಳೆ ಬರತೀನಿ ಅಂತ ಹೇಳು."

ಮರುದಿನ ಮುಂಜಾನೆ ಒಬ್ಬಳೇ ಹೊರಟೆ. ಊರು ದಾಟುವವರೆಗೆ ಎಡಗೈ ಆ ಬಟನ್ನಿನತ್ತ ಹರಿದು ಹರಿದು ಬರುತ್ತಿತ್ತು. ಗೇರಿನ ಮೇಲೆ ಕೂರಿಸಿದೆ. ಆಮೇಲೆ ಹೊಲ ಕಂಡಿತು. ಜೋಳ ಕೊಯ್ದ ಎರೆಯ ನೆಲ ಇಷ್ಟು ಬಗೆಯ ಕಪ್ಪಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ದೂರದ ಗುಡ್ಡದ ಬೆನ್ನಮೇಲೆ ಗಾಳಿಯಂತ್ರಗಳು, ಯಾರ ಅಪ್ಪಣೆಗೂ ಕಾಯದೆ, ಸಾವಕಾಶ ತಿರುಗುತ್ತಿದ್ದವು. ಶಿರಹಟ್ಟಿಯಲ್ಲಿ ಹೊಟ್ಟು ಹೇರಿದ ಟ್ರ್ಯಾಕ್ಟರಿನ ಹಿಂದೆ ಬಹಳ ಹೊತ್ತು ತೆವಳಬೇಕಾಯಿತು. ಪಂಖ ಹತ್ತಿದ್ದು ಕೇಳಿಸಿತು. ಆರಿದ್ದು ಯಾವಾಗಲೋ, ಗಮನಿಸಲಿಲ್ಲ.

ಬೆಳ್ಳಟ್ಟಿಯಲ್ಲಿ ಗಾಡಿ ನಿಲ್ಲಿಸಿ ಇಳಿದಾಗ ಗಿರಿಜಾಳ ಅತ್ತೆ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ನನ್ನ ಹಿಂದೆ ಬೇರೆ ಯಾರೂ ಇಳಿಯದ್ದನ್ನು ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದರು. "ಒಬ್ಬಾಕಿನ ಬಂದ್ಯಾ ಯವ್ವಾ? ಭೇಷ್ ಆತು. ಆದ್ರ ಗಾಡಿ ಬಂದ್ ಮಾಡೂದ ಮರತೀ ನೋಡು, ಇನ್ನೂ ಗುಂಯ್ ಅನ್ನಾಕತ್ತೈತಿ!"

ಬೀಗದ ಕೈ ನನ್ನ ಅಂಗೈಯಲ್ಲಿತ್ತು. ದಾವಲಸಾಬರು ಪಂಖಕ್ಕೆ ನೇರವಾಗಿ ಬ್ಯಾಟರಿಯಿಂದಲೇ ವಾಯರ್ ಎಳೆದಿದ್ದರು. ಎಂಜಿನ್ನು ನಿಂತ ಮೇಲೂ ಬಿಸಿ ಇಳಿಯುವತನಕ ಅದು ತಿರುಗುತ್ತದೆ. ಕೈ ತೊಳೆದುಕೊಂಡು ಓಡಿ ಬಂದ ಗಿರಿಜಾಳೂ, "ಅಕ್ಕಾ, ಹೋಗಿ ಆರಸಬಾರದೇನ?" ಎಂದಳು.

"ಇರಲಿ ಬಿಡು, ತಾನ ನಿಂದರತೈತಿ" ಎಂದೆ. ಹೇಳಿ, ತಿರುಗಿ ನೋಡದೆ, ಕಟ್ಟೆಯ ಮೇಲೆ ಕೂತು ಒಂದು ಹುಣಸೆಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗಿದೆ.