ಅಂಟಕ್ಕ ತಡೆದುಕೊಂಡ ನಾಲ್ಕು ವರ್ಷ

ಇನ್ನೊಬ್ಬರ ವಿಷಯ ತಿಳಿಯದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇದು ನನ್ನ ಗಂಡನ ದೂರು. ಸುಳ್ಳೇನಲ್ಲ. ನಮ್ಮ ಬೈಂಡಿಂಗ್ ಅಂಗಡಿಯ ಅಂಟಕ್ಕ ಇಡೀ ದಿನ ಒಂದು ತೊಟ್ಟೂ ನೀರು ಕುಡಿಯುವುದಿಲ್ಲ ಎಂಬುದನ್ನು ಮೊದಲು ಪತ್ತೆಹಚ್ಚಿದವಳೂ ನಾನೇ.

ಮೈದಾ ಹಿಟ್ಟು ಕಲಸಿ, ಸ್ಟವ್ ಮೇಲಿಟ್ಟು ಅಂಟು ಕಾಸುವುದು ಅವಳ ಕೆಲಸ. ಅದರಿಂದಲೇ ಆ ಹೆಸರು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ, ಆದರೂ ಮಾಲೀಕರಿಂದ ಹಿಡಿದು ಎಲ್ಲರಿಗೂ ಅವಳು ಅಂಟಕ್ಕ. ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ಮುಂದಿನ ಕೋಣೆಯಲ್ಲಿ ನಾವು ಆರು ಹೆಂಗಸರು ಉದ್ದ ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತು ಅಚ್ಚಾದ ಹಾಳೆಗಳನ್ನು ಮಡಚುತ್ತಿದ್ದೆವು.

ಅಂಟು ತರುವ ನೆಪದಲ್ಲಿ ನಾನು ಆಗಾಗ ಹಿಂದಕ್ಕೆ ಹೋಗುತ್ತಿದ್ದೆ. ಸೀನು ಬಂದರೆ ಅವಳು ಸೌಟು ಬಿಟ್ಟು ಕಾಲಿಗೆ ಕಾಲು ಹೆಣೆದು ನಿಲ್ಲುತ್ತಿದ್ದಳು. ನಕ್ಕರೆ ಬಾಯಿಯಲ್ಲಷ್ಟೇ ನಗು, ಹೊಟ್ಟೆ ಅಲುಗುತ್ತಿರಲಿಲ್ಲ. ಒಂದು ಬಕೆಟ್ ನೀರನ್ನು ಅರ್ಧರ್ಧ ಮಾಡಿ ಎರಡು ಸಲ ತರುತ್ತಿದ್ದಳು. ಸಕ್ಕರೆ ಕಾಯಿಲೆ ಇರಬಹುದೇ? ಆ ಕಾಯಿಲೆಯವರು ನೀರು ಹೆಚ್ಚೇ ಕುಡಿಯುತ್ತಾರಲ್ಲ. ಹರಕೆ ಎನ್ನೋಣವೆಂದರೆ ಸೀನಬಾರದೆಂಬ ಹರಕೆಯನ್ನು ನಾನಂತೂ ಕೇಳಿರಲಿಲ್ಲ.

ಒಂದು ದಿನ ಮಾಲೀಕರು ಬಂದು, ಮುಂದಿನ ತಿಂಗಳಿಂದ ಡಬ್ಬಿಯಲ್ಲಿ ಸಿದ್ಧ ಗೋಂದು ಬರುತ್ತದೆ, ಅಂಟು ಕಾಸುವುದು ಬೇಡ ಎಂದರು. ಅಂಟಕ್ಕ ಬೆಂಚಿಗೆ ಬಂದು ನಮ್ಮ ಜೊತೆ ಹಾಳೆ ಮಡಚಬೇಕು. ನಮಗೆ ಖುಷಿಯಾಯಿತು. ಸಂಜೆ ನೋಡಿದರೆ ಅವಳು ತನ್ನ ಸೌಟು, ಪಾತ್ರೆ ತೊಳೆದು ಚೀಲಕ್ಕೆ ತುಂಬುತ್ತಿದ್ದಾಳೆ.

“ನಾಳೆಯಿಂದ ಬರಲ್ಲ” ಎಂದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. “ಯಾಕೆ ಅಂತ ಹೇಳದೆ ಹೋದ್ರೆ ನಂಗೆ ಹುಚ್ಚು ಹಿಡಿಯುತ್ತೆ, ಆ ಪಾಪ ನಿನಗೇ. ಏನು ಕಾಯಿಲೆ ಹೇಳು. ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತಾರೆ.”

“ನನ್ನ ವ್ಯಾಧಿ ರಟ್ಟಾಗಿದ್ದಕ್ಕೇ ಸಂಸಾರ ಹೋಯ್ತು” ಎಂದಳು. ನಂತರ ಚೀಲ ಕೆಳಗಿಟ್ಟು, ಗೋಡೆ ನೋಡುತ್ತಾ ಎಲ್ಲ ಹೇಳಿದಳು.

ಎರಡು ದಿನ ಹೆರಿಗೆ ನೋವು ತಿಂದಳಂತೆ. ಮಗು ಉಳಿಯಲಿಲ್ಲ. ಒಳಗೆ ಮೂತ್ರದ ಚೀಲಕ್ಕೆ ತೂತು ಬಿದ್ದು, ಕೂತರೂ ನಿಂತರೂ ಸೋರತೊಡಗಿತು. ಗಂಡ ಅವಳನ್ನು ಅವಳ ಅಣ್ಣನ ಮನೆಗೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಆಪರೇಷನ್ ಆಯಿತು, ತೂತು ಮುಚ್ಚಿತು. ಆದರೆ ಕೆಮ್ಮಿದರೆ, ಭಾರ ಎತ್ತಿದರೆ, ತಟಕ್ಕನೆ ಎದ್ದರೆ ಈಗಲೂ ಬಟ್ಟೆ ಒದ್ದೆ. ಅಂಟು ಕಾಸುವವಳ ಸೀರೆ ಒದ್ದೆಯಾದರೆ ಯಾರೂ ಕೇಳುವುದಿಲ್ಲ ಎಂದೇ ಈ ಕೆಲಸ ಹಿಡಿದಿದ್ದಳು. ಬೆಂಚಿನ ಮೇಲೆ ಅಕ್ಕಪಕ್ಕ ಹೆಂಗಸರು, ತೊಡೆಯ ಮೇಲೆ ಒಣ ಕಾಗದ. ಅಲ್ಲಿ ಎಷ್ಟು ದಿನ ಮುಚ್ಚಿಡಲಿ ಎಂದಳು.

“ಮತ್ತೆ ಆಸ್ಪತ್ರೆಗೆ ಹೋಗಲಿಲ್ವಾ?”

“ಹೋಗಿ ಏನ್ಮಾಡ್ಲಿ? ಕಳಿಸುವಾಗಲೇ ಸಿಸ್ಟರ್ ಹೇಳಿದ್ರು. ‘ದಿನಾ ಸ್ವಲ್ಪ ಸ್ವಲ್ಪ ತಡ್ಕೊಳ್ಳೋದು ರೂಢಿ ಮಾಡ್ಕೊಳ್ಳಿ’ ಅಂತ. ಅದನ್ನೇ ಮಾಡ್ತಿದ್ದೀನಿ.”

ನನಗೆ ಆ ಸಿಸ್ಟರ್ ಮೇಲೆ ಮೈಯೆಲ್ಲ ಉರಿಯಿತು. ಬಡವರ ಮನೆ ಹೆಂಗಸಿಗೆ ತಡ್ಕೋ ಅನ್ನುವುದು ಬಿಟ್ಟರೆ ಇವರಿಗೆ ಬೇರೆ ಮಾತೇ ಬರುವುದಿಲ್ಲವೇ? ಜಗಳಕ್ಕೆಂದೇ ಮರುದಿನ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಸಿಸ್ಟರ್ ಅದೇ ಮೇಜಿನ ಹಿಂದೆ ಇದ್ದರು, ಕನ್ನಡಕ ಮಾತ್ರ ಹೊಸದು ಎಂದಳು ಅಂಟಕ್ಕ. “ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀರಮ್ಮ?” ಎಂದು ಕೇಳಿದರು.

“ನಾನೆಲ್ಲಿ ಹೋಗ್ತೀನಿ ಸಿಸ್ಟರ್, ಅದೇ ಬರುತ್ತೆ.”

“ನಾನು ಹೇಳಿಕೊಟ್ಟಿದ್ದೆನಲ್ಲ, ತಡ್ಕೊಳ್ಳೋದು? ದಿನಾ ಮಾಡ್ತಿದ್ದೀರಾ?”

“ನಾಲ್ಕು ವರ್ಷದಿಂದ ಮಾಡ್ತಿದ್ದೀನಿ. ಗಂಡ ತಿರುಗಿ ಬರ್ಲಿಲ್ಲ, ತಡ್ಕೊಂಡೆ. ಅತ್ತಿಗೆ ನನ್ನ ಚಾಪೆ ಹೊರಗೆ ಹಾಕಿದ್ರು, ತಡ್ಕೊಂಡೆ. ಬಾಯಾರಿಕೆನೂ ತಡ್ಕೊಂಡೆ. ಇನ್ನೆಷ್ಟು ತಡ್ಕೊಳ್ಳಲಿ?”

ಸಿಸ್ಟರ್ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. “ಅಯ್ಯೋ, ಆ ತಡ್ಕೊಳ್ಳೋದಲ್ಲ ಕಣಮ್ಮ! ಮೂತ್ರ ತಡ್ಕೊಳ್ಳೋದು! ಬಿಗಿ ಹಿಡಿದು, ಐದು ಎಣಿಸಿ ಬಿಡಬೇಕು. ಅದು ವ್ಯಾಯಾಮ!”

ನಾನು ಕಟ್ಟಿಕೊಂಡು ಬಂದ ಜಗಳವೆಲ್ಲ ವ್ಯರ್ಥವಾಯಿತು. ಅಂಟಕ್ಕ ನಕ್ಕುಬಿಟ್ಟಳು, ಈ ಸಲ ಹೊಟ್ಟೆ ಅಲುಗುವ ಹಾಗೆ, ಆಗಬೇಕಾದದ್ದೂ ಆಯಿತು. ಆಮೇಲೆ ಅತ್ತಳು. ಸಿಸ್ಟರ್ ಮಾತ್ರ ನಗಲಿಲ್ಲ. “ಎಷ್ಟು ಜನಕ್ಕೆ ಹೀಗೇ ಹೇಳಿ ಕಳಿಸಿದ್ದೀನೋ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಡಾಕ್ಟರು ಪರೀಕ್ಷೆ ಮಾಡಿ, ಹೊಲಿಗೆ ಗಟ್ಟಿಯಾಗಿದೆ, ಬಿಗಿ ಹಿಡಿಯುವ ಶಕ್ತಿ ಕಡಿಮೆ ಎಂದರು. ಆರು ತಿಂಗಳು ವ್ಯಾಯಾಮ, ಜಾಸ್ತಿ ನೀರು. ಸಾಲದಿದ್ದರೆ ಇನ್ನೊಂದು ಆಪರೇಷನ್ ನೋಡೋಣವಂತೆ.

ಮುಂದಿನ ತಿಂಗಳು ಅವಳು ಬೆಂಚಿಗೆ ಬಂದಳು, ದಪ್ಪ ಬಟ್ಟೆ ಕಟ್ಟಿಕೊಂಡು, ನನ್ನ ಮತ್ತು ಹೊಲಿಗೆಯಮ್ಮನ ನಡುವೆ. ಹೊಲಿಗೆಯಮ್ಮ ಎಂದರೆ ಪುಸ್ತಕದ ಬೆನ್ನು ಹೊಲಿಯುವ ಹಿರಿಯಳು, ಬಾಯಿ ಖಾರ, ಮಾಲೀಕರೂ ಹೆದರುತ್ತಾರೆ. ಹಾಳೆ ಮಡಚುತ್ತಾ ಅಂಟಕ್ಕನ ತುಟಿ ಸದ್ದಿಲ್ಲದೆ ಐದರವರೆಗೆ ಎಣಿಸುವುದು ನನಗೊಬ್ಬಳಿಗೇ ಕಾಣುತ್ತಿತ್ತು. ಕೆಲವು ದಿನ ಬಟ್ಟೆ ಒದ್ದೆಯಾಗದೆಯೇ ಮನೆಗೆ ಹೋದಳು, ಕೆಲವು ದಿನ ಇಲ್ಲ.

ಮೂರನೇ ವಾರ ಕಾಗದದ ಧೂಳಿಗೆ ಅವಳಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಬಟ್ಟೆ ಮೀರಿ ಬೆಂಚಿನ ಮೇಲೆ ಹರಿದು, ಹೊಲಿಗೆಯಮ್ಮನ ಸೀರೆಯ ಅಂಚಿಗೂ ತಾಗಿತು. ಎಲ್ಲರ ಕೈಯೂ ನಿಂತಿತು. ಈಗ ಚೀಲ ಎತ್ತಿಕೊಂಡು ಓಡುತ್ತಾಳೆ ಎಂದುಕೊಂಡೆ.

ಅವಳು ಎದ್ದು ನಿಂತಳು. ಕಿವಿಯವರೆಗೂ ಕೆಂಪು. “ನಂಗೆ ಮೂತ್ರ ನಿಲ್ಲಲ್ಲ. ಹೆರಿಗೇಲಿ ಆಗಿದ್ದು. ಬೆಂಚು ತೊಳೀತೀನಿ, ಸೀರೆ ಬದಲಾಯಿಸ್ತೀನಿ, ಬಂದು ಇಲ್ಲೇ ಕೂತ್ಕೋತೀನಿ. ಯಾರಿಗಾದ್ರೂ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ.”

ಹೊಲಿಗೆಯಮ್ಮ ತನ್ನ ಸೀರೆಯ ಅಂಚು ಹಿಂಡಿದಳು. ಅಂಟಕ್ಕನ ಹಾಳೆಗಳು ಒದ್ದೆಯಾಗದ ಹಾಗೆ ಎತ್ತಿ ಮೇಜಿನ ಮೇಲೆ ಜೋಡಿಸಿಟ್ಟು, ಮುಖ ನೋಡದೆಯೇ ಹೇಳಿದಳು:

“ಬೇಗ ಬಾ. ನಿನ್ನ ಪಾಲಿನ ಹಾಳೆ ನಾನು ಮಡಚಲ್ಲ.”